ಜಿಲ್ಲೆ ನೋಡೋಕೆ ಲಿಸ್ಟ್ ಬೇಡ, ಒಂದು ಎಳೆ ಸಾಕು

ನಮ್ಮ ಕ್ಲಾಸಲ್ಲಿ ಯಾರನ್ನ ಬೇಕಾದ್ರೂ "ಮಂಡ್ಯ ನೋಡಿದ್ದೀಯಾ?" ಅಂತ ಕೇಳಿ. "ಓ, ತುಂಬಾ ಸಲ" ಅಂತಾರೆ. ಏನೇನು ನೋಡಿದೆ ಅಂದ್ರೆ ಎಲ್ಲರದೂ ಒಂದೇ ಉತ್ತರ. ಕೆ.ಆರ್.ಎಸ್. ಬೃಂದಾವನದಲ್ಲಿ ಕಾರಂಜಿ, ಶ್ರೀರಂಗಪಟ್ಟಣದಲ್ಲಿ ಅರ್ಧ ಗಂಟೆ, ಮಳೆಗಾಲದಲ್ಲಿ ಗಗನಚುಕ್ಕಿ ಎದುರು ಒಂದು ರೀಲ್. ಮಂಡ್ಯದಲ್ಲಿ ಏಳು ತಾಲ್ಲೂಕುಗಳಿವೆ. ಇದರಲ್ಲಿ ಎರಡೋ ಮೂರೋ ಮಾತ್ರ ಬಂತು. ಉಳಿದದ್ದು ಕಾರಿನ ಕಿಟಕಿಯಲ್ಲಿ ಹಸಿರು ಬಣ್ಣವಾಗಿ ಓಡಿಹೋಯ್ತು.

ಈಗ ಆ ಕಿಟಕಿಯಲ್ಲೂ ಅಷ್ಟು ಕಾಣಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಮದ್ದೂರನ್ನ ಫ್ಲೈಓವರ್ ಮೇಲೆ ದಾಟುತ್ತೆ, ಮಂಡ್ಯ ಮತ್ತು ಶ್ರೀರಂಗಪಟ್ಟಣವನ್ನ ಬೈಪಾಸ್‌ನಲ್ಲಿ ದಾಟುತ್ತೆ. ಹಳೇ ರಸ್ತೆಯಲ್ಲಿ ಹೋಗುವಾಗ ಟ್ರಾಫಿಕ್ ಅಂತ ಬೈಕೊಂಡಾದ್ರೂ ಮಂಡ್ಯ ಪೇಟೆ ನೋಡ್ತಿದ್ವಿ, ಮದ್ದೂರಲ್ಲಿ ಇಳಿದು ವಡೆ ತಿಂತಿದ್ವಿ. ಈಗ ಹೆದ್ದಾರಿ ಬದಿಯ ಹಳೇ ಹೋಟೆಲ್‌ನವರು ವ್ಯಾಪಾರ ಬಿದ್ದುಹೋಯ್ತು ಅಂತಾರೆ. ಅದೇ ವರ್ಷ ಆಗಸ್ಟ್ 1ರಿಂದ ಆ ರಸ್ತೆಯ ಮುಖ್ಯ ಭಾಗದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಓಡಿಸೋ ಹಾಗಿಲ್ಲ. ಸುರಕ್ಷತೆಗಾಗಿ ಮಾಡಿದ ನಿಯಮ, ಸರಿಯೇ. ರಸ್ತೆ ಬೇಡವಾಗಿತ್ತು ಅಂತಾನೂ ನಾನು ಹೇಳ್ತಿಲ್ಲ, ಆಂಬುಲೆನ್ಸ್‌ಗೆ ಆ ರಸ್ತೆ ಬೇಕೇ ಬೇಕು. ನಾನು ಹೇಳ್ತಿರೋದು ಇಷ್ಟೇ: ರಸ್ತೆ ವೇಗವಾದ ಮೇಲೆ ಊರನ್ನ ನೋಡೋ ರೀತಿಯನ್ನ ನಾವೇ ಹೊಸದಾಗಿ ಹುಡುಕ್ಕೋಬೇಕು. ಇಲ್ಲಾಂದ್ರೆ ಬೆಂಗಳೂರಿಗೂ ಮೈಸೂರಿಗೂ ನಡುವೆ ಇರೋ ಒಂದು ಇಡೀ ಜಿಲ್ಲೆ ನಮ್ಮ ಪಾಲಿಗೆ ಒಂದು ಟೋಲ್ ರಸೀದಿ ಆಗುತ್ತೆ.

ನನ್ನ ಅಭಿಪ್ರಾಯ ಹೇಳ್ತೀನಿ. "ನೋಡಲೇಬೇಕಾದ ಹತ್ತು ಜಾಗಗಳು" ಅನ್ನೋ ಲಿಸ್ಟ್ ಹಿಡಿದು ಹೋಗೋದನ್ನ ಬಿಡಬೇಕು. ಅದರ ಬದಲು ಒಂದು ಎಳೆ ಹಿಡೀಬೇಕು. ನೀರು, ರೈಲು, ಕಬ್ಬು, ಹಕ್ಕಿ, ಕವಿ, ಯಾವುದಾದ್ರೂ ಆಗಬಹುದು. ಆ ಒಂದು ವಸ್ತು ಜಿಲ್ಲೆಯಲ್ಲಿ ಎಲ್ಲಿಂದ ಎಲ್ಲಿಗೆ ಹೋಗುತ್ತೋ ಅಲ್ಲಿಗೆಲ್ಲ ಅದರ ಹಿಂದೆ ಹೋಗೋದು. ದಾರಿಯಲ್ಲಿ ಪ್ರಸಿದ್ಧ ಜಾಗ ಸಿಕ್ಕರೆ ಒಳ್ಳೇದು, ಸಿಗದಿದ್ರೂ ನಷ್ಟ ಇಲ್ಲ. ಬರೀ ಸಿದ್ಧಾಂತ ಹೇಳಿದ್ರೆ ನೀವು ಸ್ಕ್ರಾಲ್ ಮಾಡ್ತೀರ ಅಂತ ಗೊತ್ತು, ಅದಕ್ಕೇ ಮಂಡ್ಯವನ್ನೇ ಇಟ್ಟುಕೊಂಡು ಐದು ಎಳೆ ಹೇಳ್ತೀನಿ.

ಮೊದಲನೇ ಎಳೆ: ನೀರು

ಕೆ.ಆರ್.ಎಸ್.ಗೆ ಹೋದವರೆಲ್ಲ ಗಾರ್ಡನ್ ನೋಡ್ತಾರೆ. ಅಣೆಕಟ್ಟು ಅದರ ಹಿಂದೆ ವಾಲ್‌ಪೇಪರ್ ಥರ ನಿಂತಿರುತ್ತೆ. 1911ರಲ್ಲಿ ಶುರುವಾಗಿ ಎರಡು ದಶಕ ನಡೆದ ಕೆಲಸ ಅದು. ಸಿಮೆಂಟ್ ಬದಲು ಸುರ್ಕಿ ಗಾರೆ, ಅಂದ್ರೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆ ಪುಡಿ ಬೆರೆಸಿದ ಗಾರೆ ಹಾಕಿ ಕಟ್ಟಿದ್ದು. ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋ ನಮ್ಮ ಪ್ರತಿ ಎಂಜಿನಿಯರ್ಸ್ ಡೇ ಬ್ಯಾನರ್‌ನಲ್ಲೂ ಇರುತ್ತೆ. ಅವರ ಕೆಲಸ ಅಲ್ಲಿಂದ ಎಲ್ಲಿಗೆ ಹರೀತು ಅಂತ ಮಾತ್ರ ನಾವು ಕೇಳಲ್ಲ.

ಹರಿದದ್ದು ವಿಶ್ವೇಶ್ವರಯ್ಯ ನಾಲೆಯಲ್ಲಿ. ಊರಿನವರ ಬಾಯಲ್ಲಿ ಅದು ವಿ.ಸಿ. ನಾಲೆ. ಹುಲಿಕೆರೆ ಹತ್ತಿರ ಎದುರಿಗೆ ಗುಡ್ಡ ಬರುತ್ತೆ. ನಾಲೆ ಗುಡ್ಡ ಸುತ್ತಲ್ಲ, ಎರಡೂವರೆ ಕಿ.ಮೀ.ಗಿಂತ ಉದ್ದದ ಸುರಂಗದಲ್ಲಿ ಒಳಗೇ ನುಗ್ಗಿ ಆಚೆ ಬರುತ್ತೆ. ಆಚೆ ಕಡೆ ಇರೋದೇ ನಾವು "ಮಂಡ್ಯ" ಅಂದ ತಕ್ಷಣ ಕಣ್ಣಿಗೆ ಬರೋ ಹಸಿರು. ನಾಲೆ ಬರೋ ಮುಂಚೆ ಅದೆಲ್ಲ ಮಳೆ ನಂಬಿದ ರಾಗಿ ಹೊಲ. ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ, ನಾಲೆ ಬಂದ ಮೇಲೆ. ನೀರು ಮೊದಲು, ಜಿಲ್ಲೆ ಆಮೇಲೆ.

ನಾಲೆ ಪಕ್ಕದ ಊರಲ್ಲಿ ಬಸ್ ಇಳಿದು ಟೀ ಅಂಗಡಿ ಹತ್ತಿರ ಹತ್ತು ನಿಮಿಷ ನಿಂತುಕೊಳ್ಳಿ. "ನೀರ್ ಬುಟ್ಟವ್ರಾ?" ಅನ್ನೋ ಪ್ರಶ್ನೆ ಒಂದು ಸಲನಾದ್ರೂ ಕಿವಿಗೆ ಬೀಳುತ್ತೆ. ನಮಗೆ ಇಂಟರ್ನೆಟ್ ಇದೆಯಾ ಅನ್ನೋದು ಎಷ್ಟು ಮುಖ್ಯವೋ ಅವರಿಗೆ ಇದು ಅಷ್ಟು ಮುಖ್ಯ. ಕೆ.ಆರ್.ಎಸ್.ನ ಗರಿಷ್ಠ ಮಟ್ಟ 124.80 ಅಡಿ ಅನ್ನೋದು ಅಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ನೀರು ಸಾಲದೇ ಇದ್ದಾಗ "ಕಟ್ಟು ಪದ್ಧತಿ"ಯಲ್ಲಿ ಬಿಡ್ತಾರೆ, ಅಂದ್ರೆ ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಆಪರೇಟಿಂಗ್ ಸಿಸ್ಟಮ್ಸ್ ಕ್ಲಾಸಲ್ಲಿ ಶೆಡ್ಯೂಲಿಂಗ್ ಓದಿದ್ದೀವಲ್ಲ, ಅದೇ ಇದು. ಇಲ್ಲಿ ಪ್ರೊಸೆಸ್ ಕಾಯ್ತಾ ಕೂತ್ರೆ ಬೆಳೆ ಒಣಗುತ್ತೆ, ಅಷ್ಟೇ ವ್ಯತ್ಯಾಸ.

ಎಳೆ ಹಿಡಿದು ಇನ್ನೂ ಕೆಳಗೆ ಹೋದ್ರೆ ಮದ್ದೂರು, ಮಳವಳ್ಳಿ ಕಡೆ ನಾಲೆಯ ಕೊನೆ ಭಾಗ ಬರುತ್ತೆ. ಕೊನೆ ಭಾಗದ ರೈತರಿಗೆ ನೀರು ಮುಟ್ಟಲ್ಲ ಅನ್ನೋ ದೂರು ಹಳೇದು. ಅದೇ ಮಳವಳ್ಳಿ ತಾಲ್ಲೂಕಿನಲ್ಲಿ ತೊರೆಕಾಡನಹಳ್ಳಿ ಇದೆ. ಬೆಂಗಳೂರು ಜಲಮಂಡಳಿಯ ದೊಡ್ಡ ಘಟಕ ಅಲ್ಲೇ ಇರೋದು. ಅದು ನಾಲೆ ನೀರಲ್ಲ, ಕಾವೇರಿ ನದಿಯಿಂದ ಬಂದ ನೀರು. ಅದನ್ನ ಶುದ್ಧ ಮಾಡಿ, ಮೂರು ಹಂತದಲ್ಲಿ ಪಂಪ್ ಮಾಡಿ, ಸುಮಾರು 100 ಕಿ.ಮೀ. ದೂರದ ಬೆಂಗಳೂರಿಗೆ ಕಳಿಸ್ತಾರೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಯ್ತು, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದು. ಕೊನೆ ಭಾಗದ ಗದ್ದೆ, ಅದೇ ತಾಲ್ಲೂಕಿಂದ ನಮ್ಮ ನಲ್ಲಿಗೆ ಹೊರಡೋ ಪೈಪು, ಎರಡನ್ನೂ ಒಂದೇ ದಿನ ನೋಡಿ. ಯಾರ ಪರ ನಿಲ್ಲಬೇಕು ಅಂತ ನಾನು ಹೇಳಲ್ಲ. ಆದ್ರೆ ಕಾವೇರಿ ಗಲಾಟೆ ಬಂದಾಗ ವಾಟ್ಸಾಪ್‌ನಲ್ಲಿ ಸ್ಟೇಟಸ್ ಹಾಕೋ ಮುಂಚೆ ಈ ಒಂದು ದಿನ ನೋಡಿರಬೇಕು ಅಂತ ಖಂಡಿತ ಹೇಳ್ತೀನಿ.

ಎರಡನೇ ಎಳೆ: ಜಾಗ ಬದಲಿಸಿದ ಕಟ್ಟಡಗಳು

ಸಿವಿಲ್‌ನವರಿಗೆ ಇದು ಹಬ್ಬ. ಶ್ರೀರಂಗಪಟ್ಟಣ ರೈಲ್ವೆ ಸ್ಟೇಷನ್ ಹತ್ತಿರ ಟಿಪ್ಪು ಕಾಲದ ಮದ್ದಿನ ಮನೆ ಒಂದಿದೆ. ಜೋಡಿ ಹಳಿ ಹಾಕೋಕೆ ಅದು ಅಡ್ಡ ಬಂತು. ಒಡೆಯೋ ಹಾಗಿಲ್ಲ, ಯಾಕಂದ್ರೆ ಅದು ಸ್ಮಾರಕ. 2017ರಲ್ಲಿ ಆ ಇಡೀ ಕಟ್ಟಡವನ್ನ ಬುಡದಿಂದ ಎತ್ತಿ, ಒಡೆಯದೆ, 100 ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದ್ರು. ಟ್ರೈನ್‌ನಲ್ಲಿ ಮೈಸೂರಿಗೆ ಹೋಗೋ ನಮ್ಮಲ್ಲಿ ಎಷ್ಟು ಜನ ಅದರ ಪಕ್ಕದಲ್ಲೇ ಫೋನ್ ನೋಡ್ತಾ ಹೋಗಿದ್ದೀವಿ!

ಇದೇ ಜಿಲ್ಲೆಯಲ್ಲಿ ಇದಕ್ಕೆ ಒಂದು ಜೋಡಿ ಇದೆ. ಕೆ.ಆರ್.ಎಸ್. ತುಂಬಿದಾಗ ಹಳೇ ಕನ್ನಂಬಾಡಿ ಮುಳುಗಿತು, ಜೊತೆಗೆ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನವೂ. ನೀರು ಕಡಿಮೆಯಾದ ವರ್ಷ ತಲೆ ಎತ್ತಿ, ನೀರು ಬಂದಾಗ ಮತ್ತೆ ಮುಳುಗ್ತಿತ್ತು. ಆಮೇಲೆ ಕಲ್ಲು ಕಲ್ಲಾಗಿ ಬಿಚ್ಚಿ ಹಿನ್ನೀರಿನ ದಡದಲ್ಲಿ, ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ರು. ಒಂದು ಕಟ್ಟಡ ರೈಲಿಗೆ ಜಾಗ ಬಿಟ್ಟಿತು, ಇನ್ನೊಂದು ನೀರಿಗೆ. ಒಂದನ್ನ ಇಡಿಯಾಗಿ ಸರಿಸಿದ್ರು, ಇನ್ನೊಂದನ್ನ ಬಿಡಿ ಬಿಡಿಯಾಗಿ. ಎರಡನ್ನೂ ಒಟ್ಟಿಗೆ ನೋಡಿದ್ರೆ ಒಂದು ಸೆಮಿನಾರ್ ವಿಷಯ ರೆಡಿ. ಸಮಯ ಉಳಿದ್ರೆ ಜಾಗ ಬಿಡದೇ ನಿಂತಿರೋ ಒಂದನ್ನೂ ನೋಡಿ: ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ್ದು. ಕಲ್ಲಿನ ಕಂಬ, ಮೇಲೆ ಕಲ್ಲಿನ ತೊಲೆ. ಎರಡು ಶತಮಾನದ ಕಾವೇರಿ ಪ್ರವಾಹಗಳನ್ನ ನೋಡಿದೆ.

ಮೂರನೇ ಎಳೆ: ನಿಧಾನದ ರೈಲು

ಬೆಂಗಳೂರು–ಮೈಸೂರು ನಡುವೆ ವಂದೇ ಭಾರತ್, ಶತಾಬ್ದಿ ಎಲ್ಲ ಇವೆ. ನಾನು ಹೇಳ್ತಿರೋದು ಎಲ್ಲಾ ಕಡೆ ನಿಲ್ಲೋ ಪ್ಯಾಸೆಂಜರ್ ಬಗ್ಗೆ. ಹನಕೆರೆ, ಯಲಿಯೂರು, ಬ್ಯಾಡರಹಳ್ಳಿ ಅಂತ ಬೋರ್ಡ್ ಇರೋ ಸ್ಟೇಷನ್‌ಗಳಲ್ಲಿ ಅದು ನಿಲ್ಲುತ್ತೆ. ಒಂದು ಸಣ್ಣ ಸ್ಟೇಷನ್‌ನಲ್ಲಿ ಇಳಿಯಿರಿ, ಊರೊಳಗೆ ನಡೀರಿ, ಮುಂದಿನ ರೈಲಿಗೋ ಬಸ್ಸಿಗೋ ವಾಪಸ್ ಬನ್ನಿ. ಇಳಿಯೋ ಮುಂಚೆ ವಾಪಸ್ ರೈಲಿನ ಟೈಮ್ ನೋಡಿಕೊಳ್ಳಿ, ಅಷ್ಟು ಮಾಡಿದ್ರೆ ಸಾಕು.

ಸುಗ್ಗಿ ಸಮಯ ಆಗಿದ್ರೆ ಆಲೆಮನೆ ಕೇಳಿಕೊಂಡು ಹೋಗಿ. ಕಬ್ಬಿನ ಹಾಲನ್ನ ದೊಡ್ಡ ಕೊಪ್ಪರಿಗೆಯಲ್ಲಿ ಕಾಯಿಸಿ, ಸುಣ್ಣ ಹಾಕಿ ಕೊಳೆ ತೆಗೆದು, ಹದ ನೋಡಿ, ಅಚ್ಚಿಗೆ ಹಾಕೋದನ್ನ ಅಲ್ಲಿ ಮಾಡ್ತಾರೆ. ಒಲೆಗೆ ಹಾಕೋದು ಹಾಲು ಹಿಂಡಿ ಉಳಿದ ಕಬ್ಬಿನ ಸಿಪ್ಪೆಯನ್ನೇ, ಒಣಗಿಸಿ. ಕಚ್ಚಾವಸ್ತುವಿನ ಕಸವೇ ಇಂಧನ. ಮೆಕ್ಯಾನಿಕಲ್‌ನವರು ಇದನ್ನ ಬೋರ್ಡ್ ಮೇಲೆ ಎಷ್ಟು ಸಲ ನೋಡಿದ್ರೂ, ಆ ಒಲೆ ಬಾಯಿ ಮುಂದೆ ಎರಡು ನಿಮಿಷ ನಿಂತಾಗ ಅರ್ಥ ಆಗೋದೇ ಬೇರೆ. ಇದರ ದೊಡ್ಡ ರೂಪ ಮಂಡ್ಯ ಪೇಟೆಯಲ್ಲೇ ಇದೆ: 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ, ಎಲ್ಲರೂ ಮೈಶುಗರ್ ಅನ್ನೋದು.

ನಾಲ್ಕನೇ ಎಳೆ: ಹಕ್ಕಿ

ಹಕ್ಕಿ ಅಂದ್ರೆ ಎಲ್ಲರೂ ರಂಗನತಿಟ್ಟು, ದೋಣಿ ಅಂತಾರೆ. ಹೋಗಿ, ಚೆನ್ನಾಗಿದೆ. ಸಲೀಂ ಅಲಿ ಅವರ ಸಲಹೆ ಮೇಲೆ 1940ರಲ್ಲಿ ಪಕ್ಷಿಧಾಮ ಆದ ಜಾಗ ಅದು. ಆದ್ರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಲ್ಲಿ ದೋಣಿ ಇಲ್ಲ. ಅಲ್ಲಿ ಹಕ್ಕಿಗಳು ಊರೊಳಗೇ, ಮನೆ ಮುಂದಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ವೆ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಎರಡೂ ಬರ್ತವೆ. ಚಳಿಗಾಲದಿಂದ ಬೇಸಿಗೆವರೆಗೆ ಅಲ್ಲೇ ಇದ್ದು ಮರಿ ಮಾಡಿಕೊಂಡು ಹೋಗ್ತವೆ. ಹಕ್ಕಿ ಬಂದ್ರೆ ಊರಿಗೆ ಒಳ್ಳೇದು ಅಂತ ಜನ ನಂಬಿದ್ದಾರೆ, ಹಿಕ್ಕೆ ಹೊಲಕ್ಕೆ ಗೊಬ್ಬರ ಆಗುತ್ತೆ. ಬೇಲಿ, ಟಿಕೆಟ್ ಇಲ್ಲದೇ ತಲೆಮಾರುಗಳಿಂದ ನಡೆದುಬಂದ ಒಪ್ಪಂದ ಇದು. ನಾವು ಹೋಗಿ ಅದನ್ನ ಕೆಡಿಸಬಾರದು. ಡ್ರೋನ್ ಬೇಡ, ಮರದ ಕೆಳಗೆ ಸ್ಪೀಕರ್ ಬೇಡ.

ಐದನೇ ಎಳೆ: ಬರಹಗಾರರ ಊರು

ಇದು ನಮ್ಮ ಕ್ಲಬ್‌ಗೆ ಅಂತಲೇ. 'ಮೈಸೂರು ಮಲ್ಲಿಗೆ'ಯ ಕವಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದು ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ. ಪ್ರಬಂಧಕಾರ ಎ.ಎನ್. ಮೂರ್ತಿರಾವ್ ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರು. ಪು.ತಿ. ನರಸಿಂಹಾಚಾರ್ ಪಕ್ಕದ ಮೇಲುಕೋಟೆಯವರು. ಮೂರೂ ಊರು ಒಂದೇ ಸೀಮೆ. ಬರೀ ಬೋರ್ಡ್ ನೋಡೋಕೆ ಹೋಗಬೇಡಿ. ಬಸ್ಸಲ್ಲಿ ಅವರ ಪುಸ್ತಕ ಓದ್ತಾ ಹೋಗಿ, ಕೆರೆ ಏರಿ ಮೇಲೆ ಕೂತು ಓದಿ. ಈ ದಾರಿಯಲ್ಲೇ ಯಾರೂ ನೂಕಾಡದ ಹೊಯ್ಸಳ ದೇವಸ್ಥಾನಗಳೂ ಸಿಗ್ತವೆ: ಕಿಕ್ಕೇರಿಯ ಬ್ರಹ್ಮೇಶ್ವರ, ಹೊಸಹೊಳಲಿನ ಲಕ್ಷ್ಮೀನಾರಾಯಣ, ಐದು ಗರ್ಭಗುಡಿ ಸಾಲಾಗಿರೋ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ. ಬೇಲೂರಲ್ಲಿ ಶಿಲ್ಪ ನೋಡೋಕೆ ಜನರ ತಲೆ ಮೇಲಿಂದ ಇಣುಕಬೇಕು. ಇಲ್ಲಿ ಒಂದು ಕಂಬದ ಮುಂದೆ ಅರ್ಧ ಗಂಟೆ ನಿಂತರೂ ಯಾರೂ "ಸ್ವಲ್ಪ ಸೈಡಿಗೆ ಬನ್ನಿ" ಅನ್ನಲ್ಲ.

ಆದ್ರೆ…

ಫ್ರೆಂಡ್ಸ್ ಹತ್ತಿರ ಇದನ್ನ ಹೇಳಿದಾಗ ಬಂದ ಆಕ್ಷೇಪಗಳು ಮೂರು.

ಮೊದಲನೇದು, "ಟೈಮ್ ಎಲ್ಲಿದೆ ಗುರು? ಇಂಟರ್ನಲ್ಸು, ಲ್ಯಾಬು." ಒಂದು ಎಳೆಗೆ ಒಂದು ಭಾನುವಾರ ಸಾಕು. ಲಿಸ್ಟ್ ಟ್ರಿಪ್‌ನಲ್ಲೇ ಜಾಸ್ತಿ ಟೈಮ್ ಹೋಗೋದು, ಯಾಕಂದ್ರೆ ಅರ್ಧ ದಿನ ಪಾರ್ಕಿಂಗ್ ಹುಡುಕೋದರಲ್ಲೇ ಮುಗಿಯುತ್ತೆ. ದುಡ್ಡೂ ಕಡಿಮೆ. ಪ್ಯಾಸೆಂಜರ್ ರೈಲು, ಸಾಮಾನ್ಯ ಬಸ್ಸು. ಹುಡುಗೀರಿಗೆ ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ.

ಎರಡನೇದು ಸುರಕ್ಷತೆ. ಇದನ್ನ ನಾನು ಹಗುರವಾಗಿ ತಗೊಳ್ಳಲ್ಲ. ಸಂಜೆ ಮೇಲೆ ಹಳ್ಳಿ ಬಸ್ ಇರಲ್ಲ, ಶೌಚಾಲಯ ಸಿಗೋದು ಕಷ್ಟ. ಹುಡುಗೀರಿಗೆ ಇದು ಇನ್ನೂ ದೊಡ್ಡ ಪ್ರಶ್ನೆ. ಅದಕ್ಕೇ ನಾಲ್ಕೈದು ಜನ ಸೇರಿ, ಬೆಳಿಗ್ಗೆ ಹೊರಟು, ಕತ್ತಲಾಗೋ ಮುಂಚೆ ದೊಡ್ಡ ಬಸ್ ಸ್ಟ್ಯಾಂಡ್ ಇರೋ ಊರಿಗೆ ಬರೋ ಹಾಗೆ ಪ್ಲಾನ್ ಮಾಡಬೇಕು. ಇನ್ನು ನೀರು. ಮುತ್ತತ್ತಿ, ಬಲಮುರಿಯಂಥ ಕಡೆ ಕಾಲೇಜು ಹುಡುಗರು ಮುಳುಗಿದ ಸುದ್ದಿ ನಾವು ಪದೇ ಪದೇ ಓದ್ತೀವಿ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ವಿ.ಸಿ. ನಾಲೆಗೆ ಬಸ್ ಬಿದ್ದು 30 ಜನ ತೀರಿಹೋದ್ರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳೂ ಇದ್ರು. ನಾಲೆ ಅಂದ್ರೆ ಈಜುಕೊಳ ಅಲ್ಲ. ದಡ ಜಾರುತ್ತೆ, ಸೆಳೆತ ಮೇಲಿಂದ ಕಾಣಲ್ಲ. ನೀರಿನ ಎಳೆ ಹಿಡಿದವರು ನೀರಿಗೆ ಇಳಿಯಬಾರದು. ಇದೊಂದು ನಿಯಮದಲ್ಲಿ ಯಾವ ಡಿಸ್ಕೌಂಟೂ ಇಲ್ಲ. ಅಣೆಕಟ್ಟು, ವಿದ್ಯುತ್ ಘಟಕ, ನೀರಿನ ಘಟಕ ಇಂಥ ಕಡೆ ಒಳಗೆ ಹೋಗೋಕೆ ಕಾಲೇಜಿನಿಂದ ಮುಂಚೆಯೇ ಪತ್ರ ಬರೆದು ಅನುಮತಿ ಕೇಳಬೇಕು.

ಮೂರನೇದು ನನ್ನನ್ನ ನಿಜವಾಗಿ ಯೋಚನೆಗೆ ಹಚ್ಚಿದ ಆಕ್ಷೇಪ. ಮಂಡ್ಯದವನೇ ಆದ ಒಬ್ಬ ಗೆಳೆಯ ಕೇಳಿದ: "ನಮ್ಮೂರೇನ್ ಝೂನಾ? ನಮ್ಮಪ್ಪ ಗದ್ದೇಲಿ ನಿಂತಿರೋದನ್ನ ನೋಡೋಕೆ ನೀವು ಬರ್ತೀರಾ?" ಅವನ ಸಿಟ್ಟು ನ್ಯಾಯವಾದದ್ದು. ನೋಡೋಕೆ ಅಂತ ಮಾತ್ರ ಹೋದ್ರೆ ಅದು ಹಾಗೇ ಆಗುತ್ತೆ. ಕೇಳೋಕೆ ಅಂತ ಹೋದ್ರೆ ಬೇರೆ. ಫೋನ್ ಜೇಬಲ್ಲಿರಲಿ. "ಯಜಮಾನ್ರೇ, ಈ ತೂಬು ಯಾವಾಗ ತೆಗೀತಾರೆ?" ಅಂತ ಕೇಳಿ. ಗೊತ್ತಿರೋರು ಅವರು, ಕಲಿಯೋರು ನಾವು. ಅವರು ಕೆಲಸದಲ್ಲಿದ್ರೆ ಸುಮ್ನೆ ಮುಂದೆ ಹೋಗಿ. ಟೀ, ಬೆಲ್ಲ, ಎಳನೀರು ಅಲ್ಲೇ ಕೊಂಡುಕೊಳ್ಳಿ. ಫೋಟೋ ಬೇಕಾದ್ರೆ ಮಾತಾಡಿದ ಮೇಲೆ, ಕೇಳಿ ತೆಗೀರಿ.

ಹೀಗೆ ಕೇಳೋದರಲ್ಲಿ ಇನ್ನೊಂದು ಲಾಭ ಇದೆ. ನನ್ನ ಹಾಗೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ಸ್ಲೂಯಿಸ್, ವೇಸ್ಟ್ ವಿಯರ್, ಬಂಡ್ ಅನ್ನೋ ಪದ ಪುಸ್ತಕದಲ್ಲಿ ಸಿಗುತ್ತೆ. ತೂಬು, ಕೋಡಿ, ಏರಿ ಅನ್ನೋ ಪದ ಸಿಗೋದು ಕೆರೆ ಹತ್ತಿರ ಮಾತ್ರ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳೋನಿಗೆ ನೀರಗಂಟಿ ಅಂತ ಒಂದು ಹೆಸರೇ ಇದೆ. ನಮ್ಮ ಭಾಷೆಯಲ್ಲಿ ಎಂಜಿನಿಯರಿಂಗ್ ಪದಗಳಿಲ್ಲ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಇವೆ. ಅವು ಇರೋ ಊರಿನ ಮೇಲೆ ಫ್ಲೈಓವರ್‌ನಲ್ಲಿ ಹೋಗ್ತಿದ್ದೀವಿ ಅಷ್ಟೇ.

ಮಂಡ್ಯ ಇಲ್ಲಿ ಉದಾಹರಣೆ ಮಾತ್ರ. ತುಮಕೂರಿಗೆ ತೆಂಗು, ಕೋಲಾರಕ್ಕೆ ಕೆರೆ ಮತ್ತು ಚಿನ್ನದ ಗಣಿ, ರಾಮನಗರಕ್ಕೆ ರೇಷ್ಮೆ, ಪ್ರತಿ ಜಿಲ್ಲೆಗೂ ಎಳೆ ಇದೆ. ಒಂದು ಎಳೆ ಜಿಲ್ಲೆ ದಾಟಿಯೂ ಹೋಗುತ್ತೆ: 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಗಗನಚುಕ್ಕಿ ಎದುರು ರೀಲ್ ಮಾಡೋರಿಗೆ ಪಕ್ಕದಲ್ಲೇ ಇರೋ ಆ ವಿದ್ಯುತ್ ಘಟಕ ಕಾಣಲ್ಲ. ಎಲೆಕ್ಟ್ರಿಕಲ್‌ನವರಾದ್ರೂ ನೋಡಬೇಡವಾ?

ಕ್ಲಬ್‌ಗೆ ನನ್ನ ಪ್ರಸ್ತಾಪ ಇದು. ರಾಜ್ಯೋತ್ಸವಕ್ಕೆ ಶಾಮಿಯಾನ, ಡಿಜೆ ಎಲ್ಲ ಇರಲಿ. ಜೊತೆಗೆ ಪ್ರತಿ ಸೆಮಿಸ್ಟರ್‌ಗೆ ಒಂದು ಭಾನುವಾರ, ಒಂದು ಜಿಲ್ಲೆ, ಒಂದು ಎಳೆ. ಹದಿನೈದು ಜನ ಸಾಕು, ಬೇರೆ ಬೇರೆ ಬ್ರಾಂಚಿನವರು. ಆ ಜಿಲ್ಲೆಯಿಂದ ಬಂದ ಸಹಪಾಠಿ ಇದ್ದರೆ ಅವರೇ ಲೀಡರ್. ವಾಪಸ್ ಬಂದ ಮೇಲೆ ಪ್ರತಿಯೊಬ್ಬರೂ ಎರಡು ವಿಷಯ ಕೊಡಬೇಕು: ಅಲ್ಲಿ ಕಲಿತ ಐದು ಕನ್ನಡ ಪದ, ಮತ್ತು ಯಾವುದಾದ್ರೂ ಒಂದು ವಸ್ತು ಹೇಗೆ ಕೆಲಸ ಮಾಡುತ್ತೆ ಅಂತ ಕೈಯಲ್ಲಿ ಬರೆದ ಒಂದು ಚಿತ್ರ. ಅದನ್ನೆಲ್ಲ ಇದೇ ಪತ್ರಿಕೆಯಲ್ಲಿ ಹಾಕೋಣ.

ಮೊದಲನೇ ಟ್ರಿಪ್‌ಗೆ ವಿ.ಸಿ. ನಾಲೆ ಆಗಬಹುದು. ನಾಲೆಗೆ ನೀರು ಬಿಟ್ಟಿರೋ ಭಾನುವಾರ ನೋಡಿ ಹೊರಡೋಣ. ನೀರು ಬಿಟ್ಟಿದ್ದಾರಾ ಅಂತ ಯಾರನ್ನ ಕೇಳಬೇಕು ಅಂತ ಗೊತ್ತಿಲ್ಲದಿದ್ರೆ ನಿಮ್ಮ ಹಾಸ್ಟೆಲ್‌ನ ಮಂಡ್ಯದ ಹುಡುಗನನ್ನ ಕೇಳಿ. ಮನೆಗೆ ಫೋನ್ ಮಾಡಿದಾಗ ಅವನು ಕೇಳೋ ಮೊದಲನೇ ಪ್ರಶ್ನೆಗಳಲ್ಲಿ ಅದೂ ಒಂದಾಗಿರುತ್ತೆ.